ಸೇವೆ ಪಡೆಯುವವರ ಧರ್ಮ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ತಪಸ್ಸನ್ನು ಬಾಹ್ಯವೆಂದೂ ಆಭ್ಯಂತರವೆಂದೂ ಎರಡಾಗಿ ವಿಭಾಗಿಸಿ, ಒಂದೊಂದರಲ್ಲಿಯೂ ಆರು ಭೇದಗಳನ್ನು ಹೇಳುತ್ತದೆ. ಉಪವಾಸ, ಮಿತಾಹಾರ, ರಸತ್ಯಾಗ ಮೊದಲಾದವು ಪರರ ಕಣ್ಣಿಗೆ ಕಾಣುವಂಥವು. ಆದುದರಿಂದ ಅವು ಬಾಹ್ಯ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಮನಸ್ಸನ್ನು ನಿಯಮಿಸುವಂಥವು. ಆದುದರಿಂದ ಅವು ಆಭ್ಯಂತರ. ರೋಗಿಗಳ, ವೃದ್ಧರ, ದಣಿದವರ ಸೇವೆಯಾದ ವೈಯಾವೃತ್ತ್ಯವನ್ನು ಆಚಾರ್ಯರು ಉಪವಾಸದ ಸಾಲಿನಲ್ಲಿ ಇರಿಸದೆ ಧ್ಯಾನದ ಸಾಲಿನಲ್ಲಿ ಇರಿಸಿರುವುದು ಗಮನಾರ್ಹ. ಸೇವೆ ಮಾಡುವವರ ಧರ್ಮವನ್ನು ಕುರಿತು ಪ್ರವಚನಗಳಲ್ಲಿ ಬಹಳಷ್ಟು ಕೇಳಿಬರುತ್ತದೆ. ಸೇವೆ ಪಡೆಯುವವರಿಗೂ ಒಂದು ಧರ್ಮವಿದೆಯೇ ಎಂಬ ಪ್ರಶ್ನೆ ಮಾತ್ರ ಅಪರೂಪವಾಗಿ ಏಳುತ್ತದೆ.

ಈ ಪ್ರಶ್ನೆಯು ಇಂದು ಅನೇಕ ಶ್ರಾವಕರ ಮನೆಗಳಲ್ಲಿ ಪ್ರತ್ಯಕ್ಷವಾಗಿ ಬಂದು ನಿಂತಿದೆ. ಮಂಡಿಯ ಕೀಲು ಸವೆದು ನಡೆಯಲಾರದವರಿಗೆ ಕೃತಕ ಕೀಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯು 1970ರ ದಶಕದಲ್ಲಿ ಈಗಿನ ರೂಪಕ್ಕೆ ಬಂದಿತು. ತೊಡೆಯ ಮೂಳೆಯ ಕೆಳತುದಿಯಲ್ಲಿಯೂ ಕೆಳಗಾಲಿನ ಮೂಳೆಯ ಮೇಲ್ತುದಿಯಲ್ಲಿಯೂ ಸವೆದ ಭಾಗವನ್ನು ತೆಗೆದು, ಅಲ್ಲಿ ಲೋಹದ ಹೊದಿಕೆಯನ್ನು ಕೂರಿಸಿ, ಎರಡರ ನಡುವೆ ಪಾಲಿಥಿಲೀನ್ ತುಂಡೊಂದನ್ನು ಇಡುವುದು ಇದರ ಕ್ರಮ. 2017ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮಂಡಿಕೀಲಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿದ ಮೇಲೆ ಮಧ್ಯಮವರ್ಗದ ಕುಟುಂಬಗಳಿಗೆ ಈ ಕೀಲಿನ ವೆಚ್ಚದ ಹೊರೆ ತಗ್ಗಿತು. ಶಸ್ತ್ರಕ್ರಿಯೆ ಒಂದೆರಡು ಗಂಟೆಗಳ ಕೆಲಸ. ಆಸ್ಪತ್ರೆಯ ವಾಸ ಕೆಲವು ದಿನಗಳದು. ಮನೆಯವರಿಗೂ ರೋಗಿಗೂ ನಿಜವಾದ ಪರೀಕ್ಷೆಯೆಂದರೆ ಮನೆಗೆ ಬಂದ ಮೇಲಿನ ಮೊದಲ ಆರು ವಾರಗಳು.

ಆ ವಾರಗಳ ಸ್ವರೂಪವನ್ನು ಒಂದು ಮನೆಯ ಕಲ್ಪನೆಯಿಂದ ತಿಳಿಯಬಹುದು. 68 ವರ್ಷದ ಶ್ರಾವಿಕೆಯೊಬ್ಬರು ಇದ್ದಾರೆನ್ನೋಣ. ನಾಲ್ವತ್ತು ವರ್ಷಗಳಿಂದ ಬಸದಿಯ ದರ್ಶನವಾಗದೆ ಬಾಯಿಗೆ ನೀರು ಹಾಕಿದವರಲ್ಲ. ಸೂರ್ಯಾಸ್ತದ ಬಳಿಕ ಆಹಾರವನ್ನು ಮುಟ್ಟಿದವರಲ್ಲ. ತಮ್ಮ ಅತ್ತೆಯವರು ಹಾಸಿಗೆ ಹಿಡಿದಿದ್ದಾಗ ಎರಡು ವರ್ಷ ಅವರ ಸೇವೆ ಮಾಡಿ ಬಂಧುಗಳಿಂದ ಪ್ರಶಂಸೆ ಪಡೆದವರು. ಈಗ ವಾಕರ್ ಹಿಡಿದು ಶೌಚಾಲಯದವರೆಗಿನ ಹತ್ತು ಹೆಜ್ಜೆಗಳನ್ನು ಇಡುವುದಕ್ಕೆ ಸೊಸೆಯ ತೋಳು ಬೇಕು. ಎತ್ತರಿಸಿದ ಆಸನದಿಂದ ಎದ್ದೇಳುವುದಕ್ಕೆ, ಕಾಲಿಗೆ ಬಟ್ಟೆ ಏರಿಸುವುದಕ್ಕೆ, ಸ್ನಾನದ ನೀರಿಗೆ, ಔಷಧಿಯ ವೇಳೆಗೆ ಮತ್ತೊಬ್ಬರು ಬೇಕು. ಕಾಲು ಊದಿಕೊಂಡು ಬಿಸಿಯಾಗಿದೆ. ಹೊಲಿಗೆ ತೆಗೆಯಲು 10ರಿಂದ 14 ದಿನಗಳಾಗಬೇಕು. ಮೊದಲ ವಾರಗಳಲ್ಲಿ ರಾತ್ರಿಯ ನಿದ್ರೆ ತುಂಡುತುಂಡಾಗಿ ಬರುತ್ತದೆ. ಇಂಥವರನ್ನು ವಿಚಾರಿಸಿದರೆ ಅವರು ಮೊದಲು ಹೇಳುವುದು ನೋವಿನ ವಿಷಯವನ್ನಲ್ಲ. "ಯಾರ ಕೈಯಲ್ಲಿಯೂ ಸೇವೆ ಮಾಡಿಸಿಕೊಳ್ಳಬಾರದು ಎಂದಿದ್ದೆ, ಅದೇ ಬಂದಿತು" ಎಂಬುದೇ ಅವರ ದುಃಖ.

ಈ ದುಃಖವು ಸಜ್ಜನರ ದುಃಖವೇ ಹೌದು. ಆದರೆ ಅದನ್ನು ಪರೀಕ್ಷಿಸದೆ ಬಿಟ್ಟರೆ ಅದು ಮೂರು ಬಗೆಯ ದೋಷಗಳಿಗೆ ದಾರಿಯಾಗುತ್ತದೆ: ನೋವನ್ನು ಅಡಗಿಸಿಡುವುದು, ಔಷಧವನ್ನು ತ್ಯಜಿಸುವುದು, ಸೇವೆ ಮಾಡುವವರ ಭಾರವನ್ನು ಕಾಣದಿರುವುದು. ಮೂರೂ ಧರ್ಮದ ಹೆಸರಿನಲ್ಲಿಯೇ ನಡೆಯುವುದರಿಂದ ಮೂರನ್ನೂ ಧರ್ಮದ ದೃಷ್ಟಿಯಿಂದಲೇ ವಿಚಾರಿಸಬೇಕಾಗುತ್ತದೆ.

ಮೊದಲನೆಯದು ನೋವಿನ ವಿಷಯ. ರೋಗವು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು; ಅದನ್ನು ಸಹಿಸುವುದು ತಪಸ್ಸು; ಆದುದರಿಂದ ನೋವಿನ ಮಾತ್ರೆ ಬೇಡ ಎಂದು ಹಲವರು ವಾದಿಸುತ್ತಾರೆ. ಅವರಿಗೆ ನೆನಪಾಗುವ ಆದರ್ಶ ಸನತ್ಕುಮಾರ ಚಕ್ರವರ್ತಿ. ವಡ್ಡಾರಾಧನೆಯ ಮೂಲಕ ಕನ್ನಡ ಜೈನರ ಮನೆಮಾತಾಗಿರುವ ಆ ಕಥೆಯಲ್ಲಿ, ರೂಪಗರ್ವವನ್ನು ತೊರೆದು ಮುನಿಯಾದ ಚಕ್ರವರ್ತಿಗೆ ದೇಹವೆಲ್ಲ ವ್ಯಾಧಿಯಾಗುತ್ತದೆ; ದೇವತೆಗಳು ವೈದ್ಯವೇಷದಿಂದ ಬಂದು ಚಿಕಿತ್ಸೆ ಮಾಡುತ್ತೇವೆಂದರೂ ಅವನು ಅದನ್ನು ಬಯಸುವುದಿಲ್ಲ; ಅವನಿಗೆ ಬೇಕಾದುದು ಸಂಸಾರವೆಂಬ ವ್ಯಾಧಿಯ ನಿವಾರಣೆ. ಈ ಆದರ್ಶವು ಪೂಜ್ಯವಾದುದು. ಆದರೆ ಆ ಮುನಿಯು ರಾಜ್ಯವನ್ನೂ ಪರಿವಾರವನ್ನೂ ಬಿಟ್ಟು ಹೋದವನು. ಅವನ ವೇದನೆಯಿಂದ ಯಾರ ನಿದ್ರೆಯೂ ಕೆಡಲಿಲ್ಲ. ಯಾರ ಅಡುಗೆಯೂ ತಡವಾಗಲಿಲ್ಲ. ಯಾವ ಮಗನೂ ಕಚೇರಿಗೆ ರಜೆ ಹಾಕಬೇಕಾಗಲಿಲ್ಲ. ಗೃಹಸ್ಥರ ನೋವು ಹಾಗಲ್ಲ. ಮಾತ್ರೆಯನ್ನು ನಿರಾಕರಿಸಿ ರಾತ್ರಿ ಎರಡು ಗಂಟೆಗೆ ನರಳುವ ವೃದ್ಧರ ಪರೀಷಹವನ್ನು ಪಕ್ಕದ ಕೋಣೆಯಲ್ಲಿ ಎಚ್ಚರವಾಗಿರುವವರೂ ಸಹಿಸಬೇಕಾಗುತ್ತದೆ. ಅವರು ಅದಕ್ಕೆ ಸಂಕಲ್ಪ ಮಾಡಿದವರಲ್ಲ.

ಸನತ್ಕುಮಾರನ ಕಥೆಯನ್ನು ನೆನೆಯುವವರು ಸಮಂತಭದ್ರಾಚಾರ್ಯರ ಕಥೆಯನ್ನೂ ಜೊತೆಗೆ ನೆನೆಯಬೇಕು. ಪರಂಪರೆಯಲ್ಲಿ ಬಂದಿರುವಂತೆ, ಆಚಾರ್ಯರಿಗೆ ಭಸ್ಮಕವ್ಯಾಧಿ ಬಂದಿತು. ಎಷ್ಟು ಉಂಡರೂ ತಣಿಯದ ಹಸಿವು ಅದು. ಮುನಿಚರ್ಯೆಯಲ್ಲಿದ್ದು ಆ ವ್ಯಾಧಿಯನ್ನು ಶಮನ ಮಾಡಿಕೊಳ್ಳುವುದು ಅಸಾಧ್ಯವೆಂದು ತಿಳಿದು ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಸದ್ಯಕ್ಕೆ ಬಿಟ್ಟು ಬೇಕಾದಷ್ಟು ಆಹಾರವನ್ನು ಪಡೆದು ಗುಣಹೊಂದು, ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದೆ ಎಂಬುದು ಅವರ ಆಜ್ಞೆಯ ತಾತ್ಪರ್ಯ. ಆಚಾರ್ಯರು ಹಾಗೆಯೇ ಮಾಡಿ, ರೋಗ ಶಮನವಾದ ಮೇಲೆ ಪುನಃ ದೀಕ್ಷೆ ವಹಿಸಿದರು. ಮಹಾತಪಸ್ವಿಯೊಬ್ಬರು ಗುಣಹೊಂದುವುದಕ್ಕಾಗಿ ತಮ್ಮ ದೀಕ್ಷೆಯನ್ನೇ ತಾತ್ಕಾಲಿಕವಾಗಿ ಬಿಟ್ಟರು. ಅದನ್ನು ಪರಂಪರೆಯು ಪತನವೆಂದು ಬಗೆಯಲಿಲ್ಲ. ಅವರೇ ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿದರು. ಸಂಯಮಿಗಳ ಕಷ್ಟವನ್ನು ನೀಗುವುದನ್ನೂ ಅವರ ಕಾಲೊತ್ತುವುದನ್ನೂ ಆ ವ್ರತದೊಳಗೆ ಹೇಳಿದರು. ಸಲ್ಲೇಖನವನ್ನು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಿಗೆ ಮಾತ್ರ ಸೀಮಿತಗೊಳಿಸಿದವರೂ ಅವರೇ. ಪ್ರತೀಕಾರವುಳ್ಳ ರೋಗಕ್ಕೆ ಪ್ರತೀಕಾರವನ್ನು ಮಾಡಿಕೊಳ್ಳಬೇಕೆಂಬುದು ಇದರಿಂದಲೇ ಸ್ಪಷ್ಟ. ಸವೆದ ಮಂಡಿಗೆ ಪ್ರತೀಕಾರವುಂಟು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ತತ್ತ್ವಾರ್ಥಸೂತ್ರವು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನೆಯಿಂದ ಹುಟ್ಟುವ ಆರ್ತಧ್ಯಾನವನ್ನು ಪ್ರತ್ಯೇಕವಾಗಿ ಹೇಳುತ್ತದೆ. ನೋವನ್ನೇ ಎಡೆಬಿಡದೆ ಚಿಂತಿಸುತ್ತಿರುವುದು ಅಶುಭ ಧ್ಯಾನ. ಹಲ್ಲುಕಚ್ಚಿ ನೋವನ್ನು ತಾಳುತ್ತಿರುವವರ ಚಿತ್ತವು ಸಾಮಾನ್ಯವಾಗಿ ಎಲ್ಲಿರುತ್ತದೆ? ಮಂಡಿಯಲ್ಲಿಯೇ ಇರುತ್ತದೆ. ಒಂದು ಮಾತ್ರೆಯಿಂದ ನೋವು ತಗ್ಗಿ ಅರ್ಧಗಂಟೆ ನಮಸ್ಕಾರ ಮಂತ್ರದಲ್ಲಿ ಮನಸ್ಸು ನಿಲ್ಲುವುದಾದರೆ, ಆ ಮಾತ್ರೆಯನ್ನು ಬಿಡುವುದರಿಂದ ಧರ್ಮಕ್ಕೆ ಆಗುವ ಲಾಭವೇನು?

ಹಾಗೆಂದು ಈ ವಾರಗಳಲ್ಲಿ ಸಹನೆಗೆ ಸ್ಥಾನವಿಲ್ಲವೆಂದಲ್ಲ. ಅದಕ್ಕೆ ನಿಜವಾದ ಸ್ಥಾನವಿರುವುದು ವ್ಯಾಯಾಮದಲ್ಲಿ. ಹೊಸ ಕೀಲನ್ನು ದಿನಕ್ಕೆ ಹಲವು ಬಾರಿ ಬಾಗಿಸಬೇಕು, ಪೂರ್ತಿಯಾಗಿ ನೀಡಬೇಕು. ಮೊದಲ ವಾರಗಳಲ್ಲಿ 90 ಡಿಗ್ರಿಯವರೆಗೆ ಬಾಗುವಂತಾಗಬೇಕೆಂಬುದು ಸಾಮಾನ್ಯವಾದ ಗುರಿ. ಮಂಡಿಯ ಕೆಳಗೆ ದಿಂಬಿಟ್ಟುಕೊಂಡರೆ ಹಿತವೆನಿಸುತ್ತದೆ. ಆದರೆ ಕಾಲು ಹಾಗೆಯೇ ಬಾಗಿ ಬಿಗಿದುಕೊಳ್ಳುವ ಭಯವಿರುವುದರಿಂದ ವೈದ್ಯರು ಅದನ್ನು ಬೇಡವೆನ್ನುತ್ತಾರೆ. ಹಾಸಿಗೆಯಲ್ಲಿದ್ದಾಗ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಬೇಕು; ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಸಹಾಯಕ. ಮಾತ್ರೆಯನ್ನು ವ್ಯಾಯಾಮಕ್ಕೆ ಸ್ವಲ್ಪ ಮುಂಚೆ ತೆಗೆದುಕೊಂಡರೂ ಕೆಲವು ನೋವು ಉಳಿದೇ ಉಳಿಯುತ್ತದೆ. ಆ ನೋವನ್ನು ತಿಳಿದು, ಒಪ್ಪಿ, ಅಳತೆಯಲ್ಲಿ, ಪ್ರಯೋಜನಕ್ಕಾಗಿ ಸಹಿಸುವುದು ಉಚಿತ. ರಾತ್ರಿಯೆಲ್ಲ ನರಳುವ ಧೈರ್ಯವಿದ್ದು ಬೆಳಗ್ಗೆ ಕಾಲು ಬಾಗಿಸಲು ಒಪ್ಪದವರು ಸಹನೆಯನ್ನು ತಪ್ಪಾದ ಕಡೆಯಲ್ಲಿ ವ್ಯಯಮಾಡಿದಂತಾಗುತ್ತದೆ. ಅವರ ಅವಲಂಬನೆಯ ಕಾಲವೂ ಅದರಿಂದ ದೀರ್ಘವಾಗುತ್ತದೆ. ಅದರ ಭಾರವೂ ಮನೆಯವರ ಮೇಲೆಯೇ ಬೀಳುತ್ತದೆ.

ಎರಡನೆಯದು ವ್ರತಗಳ ಮತ್ತು ಔಷಧಗಳ ವಿಷಯ. ರಾತ್ರಿಭೋಜನ ತ್ಯಾಗವು ಜೈನ ಗೃಹಸ್ಥರ ಗುರುತು. ಅದನ್ನು ಲಘುವಾಗಿ ಕಾಣಲಾಗದು. ಆದರೆ ಆಹಾರದೊಡನೆಯೇ ಸೇವಿಸಬೇಕಾದ ನೋವುನಿವಾರಕಗಳು ಕೆಲವು ಇವೆ. ಇದಕ್ಕೆ ಉಪಾಯವು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆಗಬೇಕು. ದಿನಕ್ಕೆರಡು ಬಾರಿಯ ಮಾತ್ರೆಗಳನ್ನು ಸೂರ್ಯೋದಯದ ನಂತರದ ಉಪಾಹಾರಕ್ಕೂ ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೂ ಹೊಂದಿಸಬಹುದೇ, ರಾತ್ರಿಯ ವೇಳೆಗೆ ಆಹಾರದ ಅಗತ್ಯವಿಲ್ಲದ ಔಷಧವಿದೆಯೇ ಎಂದು ವೈದ್ಯರನ್ನು ಕೇಳಿದರೆ ಎಷ್ಟೋ ಸಂದರ್ಭಗಳಲ್ಲಿ ವ್ರತವೂ ಉಳಿದು ಚಿಕಿತ್ಸೆಯೂ ನಡೆಯುತ್ತದೆ. ಕೇಳುವುದಕ್ಕೆ ಸಂಕೋಚಪಟ್ಟು, ಮನೆಗೆ ಬಂದ ಮೇಲೆ ಮಾತ್ರೆಯನ್ನು ದಿಂಬಿನ ಕೆಳಗೆ ಅಡಗಿಸುವುದು ವ್ರತರಕ್ಷಣೆಯಲ್ಲ. ಅದರಲ್ಲಿ ಅಸತ್ಯವೂ ಸೇರಿಕೊಳ್ಳುತ್ತದೆ. ಅಷ್ಟಮಿ, ಚತುರ್ದಶಿಗಳ ಉಪವಾಸವೂ ಹೀಗೆಯೇ. ಗಾಯ ಮಾಯಲು ಪೌಷ್ಟಿಕ ಆಹಾರ ಬೇಕಾದ ಸಮಯ ಇದು. ಬೇಳೆ, ಹಾಲು, ಮೊಸರುಗಳ ಊಟವನ್ನು ಆ ದಿನಗಳಲ್ಲಿಯೂ ಮಾಡಿ, ಏಕಾಶನದ ಬದಲು ಮೌನವನ್ನೋ ಸ್ವಾಧ್ಯಾಯವನ್ನೋ ನಿಯಮವಾಗಿ ಇಟ್ಟುಕೊಳ್ಳುವ ಮಾರ್ಗವಿದೆ. ಬಿಟ್ಟುಹೋದ ನಿಯಮಕ್ಕೆ ಪ್ರಾಯಶ್ಚಿತ್ತವೂ ಉಂಟು. ಆಭ್ಯಂತರ ತಪಸ್ಸಿನ ಪಟ್ಟಿಯಲ್ಲಿ ಅದರ ಹೆಸರೇ ಮೊದಲನೆಯದು.

ಇನ್ನೂ ಸೂಕ್ಷ್ಮವಾದ ಪ್ರಶ್ನೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧದ್ದು. ಮಂಡಿ ಬದಲಾವಣೆಯ ನಂತರ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇದನ್ನು ಕೊಡುವುದು ವಾಡಿಕೆ. ಚುಚ್ಚುಮದ್ದಾಗಿ ಕೊಡುವ ಹೆಪಾರಿನ್ ವರ್ಗದ ಔಷಧಗಳನ್ನು ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಅನೇಕ ಕ್ಯಾಪ್ಸೂಲುಗಳ ಕವಚವು ಪ್ರಾಣಿಜನ್ಯವಾದ ಜೆಲಾಟಿನ್. ಇದನ್ನು ತಿಳಿದ ಶ್ರಾವಕರಿಗೆ ನೋವಾಗುವುದು ಸಹಜ. ಆದರೆ ಪ್ರಾಣಿಮೂಲವಲ್ಲದ ಫೊಂಡಾಪ್ಯಾರಿನಕ್ಸ್ ಎಂಬ ಚುಚ್ಚುಮದ್ದೂ, ರಿವರೊಕ್ಸಬ್ಯಾನ್, ಎಪಿಕ್ಸಬ್ಯಾನ್ ಎಂಬ ಮಾತ್ರೆಗಳೂ ಇಂದು ಬಳಕೆಯಲ್ಲಿವೆ. ಕೆಲವರಿಗೆ ಆಸ್ಪಿರಿನ್ ಸಾಕಾಗುತ್ತದೆ. ಮೂತ್ರಪಿಂಡದ ಸ್ಥಿತಿ, ಇತರ ಕಾಯಿಲೆಗಳು, ರಕ್ತಸ್ರಾವದ ಭಯ ಇವುಗಳನ್ನು ನೋಡಿ ಯಾವುದು ತಕ್ಕದ್ದೆಂದು ನಿರ್ಣಯಿಸುವವರು ವೈದ್ಯರು. ಶ್ರಾವಕರ ಕರ್ತವ್ಯವೆಂದರೆ ತಮ್ಮ ಆಚಾರವನ್ನು ಮುಂಚಿತವಾಗಿ, ವಿನಯದಿಂದ ತಿಳಿಸುವುದು. ಮಧ್ಯದಲ್ಲಿ ತಾವಾಗಿ ಔಷಧವನ್ನು ನಿಲ್ಲಿಸುವುದು ಅಪಾಯಕರ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಕುತ್ತು. ಮೀನಖಂಡದಲ್ಲಿ ಹೊಸದಾಗಿ ನೋವು ಮತ್ತು ಊತ, ಏಕಾಏಕಿ ಉಬ್ಬಸ ಅಥವಾ ಎದೆನೋವು, ಜ್ವರ, ಗಾಯದಿಂದ ಕೀವು ಇವು ಕಂಡರೆ ಆ ಗಳಿಗೆಯಲ್ಲಿಯೇ ತಿಳಿಸಬೇಕು. "ಇವರಿಗೆ ಮತ್ತೆ ತೊಂದರೆ ಏಕೆ" ಎಂದು ರಾತ್ರಿಯ ಉಬ್ಬಸವನ್ನು ಬೆಳಗಿನವರೆಗೆ ಬಚ್ಚಿಡುವ ದಾಕ್ಷಿಣ್ಯವು ಮನೆಯವರಿಗೆ ಆಜೀವ ಪಶ್ಚಾತ್ತಾಪವನ್ನು ಉಳಿಸಿ ಹೋಗಬಹುದು. ಹಿಂಸೆಗೆ ಪ್ರಮಾದವೇ ಮೂಲವೆಂದು ಸೂತ್ರಕಾರರು ಹೇಳಿದ್ದಾರೆ; ತನ್ನ ದೇಹದ ವಿಷಯದ ಪ್ರಮಾದವೂ ಪ್ರಮಾದವೇ.

ಮೂರನೆಯದೇ ಈ ವಿಚಾರದ ತಿರುಳು. ಸೇವೆ ಮಾಡುತ್ತಿರುವವರು ಯಾರು? ಹೆಚ್ಚಿನ ಮನೆಗಳಲ್ಲಿ ಸೊಸೆ, ಮಗಳು ಅಥವಾ ಪತ್ನಿ. ಅನುಕೂಲವುಳ್ಳ ಮನೆಗಳಲ್ಲಿ ಸಂಬಳದ ಮೇಲೆ ಬಂದ ಪರಿಚಾರಿಕೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳನ್ನು ಎತ್ತಿಗೆ, ಕುದುರೆಗೆ ಅನ್ವಯಿಸಿ ವಿವರಿಸುವುದು ರೂಢಿ. ಎತ್ತಿನ ಗಾಡಿಗಳು ವಿರಳವಾದ ಕಾಲದಲ್ಲಿ ಆ ಪಾಠವು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸುವವರೂ ಇದ್ದಾರೆ. ಆದರೆ ರಾತ್ರಿ ಮೂರು ಬಾರಿ ಎದ್ದು ಅತ್ತೆಯನ್ನು ಶೌಚಾಲಯಕ್ಕೆ ಕರೆದೊಯ್ದು, ಬೆಳಗ್ಗೆ ಐದಕ್ಕೆ ನೀರು ಕಾಯಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಒಂಬತ್ತಕ್ಕೆ ತಾನೂ ಕೆಲಸಕ್ಕೆ ಹೊರಡುವ ಸೊಸೆಯ ಮೇಲೆ ಇರುವುದು ಅತಿಭಾರವಲ್ಲದೆ ಮತ್ತೇನು? ರೋಗಿಯ ಊಟ, ಔಷಧ, ವ್ಯಾಯಾಮ ಮುಗಿಯುವವರೆಗೆ ಮಧ್ಯಾಹ್ನ ಮೂರಾದರೂ ತುತ್ತು ಕಾಣದ ಪರಿಚಾರಿಕೆಯ ವಿಷಯದಲ್ಲಿ ನಡೆಯುತ್ತಿರುವುದು ಅನ್ನಪಾನನಿರೋಧವಲ್ಲವೇ? ಸೇವೆಯೆಂಬ ಹೆಸರಿನಿಂದ ಅತಿಚಾರವು ಅತಿಚಾರವಲ್ಲದಾಗುವುದಿಲ್ಲ.

ಇಂಥ ಸಂದರ್ಭದಲ್ಲಿ ಹಿರಿಯರ ಬಾಯಿಂದ ಬರುವ ಒಂದು ಮಾತಿದೆ: "ಮಾಡಮ್ಮ, ನಿನಗೇ ಪುಣ್ಯ." ಮಾತಿನ ಹಿಂದೆ ಪ್ರೀತಿ ಇರಬಹುದು. ಆದರೆ ಪುಣ್ಯವು ಸೇವೆ ಪಡೆಯುವವರು ಸೇವೆ ಮಾಡುವವರಿಗೆ ಕೊಡಬಹುದಾದ ಸಂಬಳವಲ್ಲ. ಅದು ಅವರವರ ಪರಿಣಾಮಗಳಿಗೆ ಸೇರಿದ್ದು. ಒಬ್ಬರ ದಣಿವಿಗೆ ಉತ್ತರವಾಗಿ ಅವರ ಪುಣ್ಯವನ್ನು ತೋರಿಸುವುದೆಂದರೆ ತಮ್ಮದಲ್ಲದ ಹಣದಿಂದ ಸಾಲ ತೀರಿಸಿದಂತೆ. ದಣಿದವರಿಗೆ ಬೇಕಾದುದು ಒಂದು ರಾತ್ರಿಯ ನಿದ್ರೆ. ಮಗನು ಒಂದು ರಾತ್ರಿ, ಮೊಮ್ಮಗನು ಒಂದು ರಾತ್ರಿ, ಊರಲ್ಲಿರುವ ತಮ್ಮನು ವಾರಕ್ಕೆರಡು ಮಧ್ಯಾಹ್ನ ಎಂದು ಪಾಳಿಯನ್ನು ಹಂಚಿಕೊಳ್ಳುವುದು ಆ ನಿದ್ರೆಗೆ ದಾರಿ. ಆ ಹಂಚಿಕೆಯನ್ನು ಕೇಳಬೇಕಾದವರು ಸೊಸೆಯಲ್ಲ; ಅವಳು ಕೇಳಿದರೆ ಅದು ದೂರಿನಂತೆ ಕೇಳಿಸುತ್ತದೆ. ಹಾಸಿಗೆಯಲ್ಲಿರುವ ಹಿರಿಯರೇ ಕೇಳಬೇಕು. ಮನೆಯಲ್ಲಿ ಅವರ ಮಾತಿಗೆ ಇರುವ ತೂಕವು ಕಾಲಿನ ಬಲದೊಡನೆ ಕುಗ್ಗಿಲ್ಲ. ಆ ವಾರಗಳಲ್ಲಿ ಅವರು ಮಾಡಬಹುದಾದ ಅತ್ಯಂತ ದೊಡ್ಡ ದಾನ ಅದೇ.

ಗಂಡಸರಿಗೆ ಈ ಕೆಲಸ ಬಾರದು, ಅಸಹ್ಯಪಡುತ್ತಾರೆ ಎಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಗೆ, ಎಂದರೆ ರೋಗಿಯ ದೇಹವನ್ನು ಕಂಡು ಜುಗುಪ್ಸೆ ಪಡದಿರುವುದಕ್ಕೆ, ಆಚಾರ್ಯರು ಕೊಟ್ಟಿರುವ ದೃಷ್ಟಾಂತ ಉದ್ದಾಯನ ಮಹಾರಾಜನದು. ರೋಗಗ್ರಸ್ತ ಮುನಿಯ ರೂಪದಲ್ಲಿ ಬಂದ ದೇವನು ಮೈಮೇಲೆ ವಾಂತಿ ಮಾಡಿದರೂ ಅರಸನು ಮುಖ ಸಿಂಡರಿಸದೆ ತನ್ನ ಕೈಯಿಂದಲೇ ಶುದ್ಧಿ ಮಾಡಿದನೆಂಬುದು ಕಥೆ. ಸೇವಕರಿಗೆ ಹೇಳಿ ಮಾಡಿಸುವ ಅನುಕೂಲವಿದ್ದ ಅರಸನನ್ನೇ ಈ ಅಂಗಕ್ಕೆ ಆರಿಸಿರುವುದರಲ್ಲಿ ಗೃಹಸ್ಥ ಪುರುಷರಿಗೆ ಪಾಠವಿದೆ. ತಂದೆಯ ಕಾಲಿಗೆ ಕಾಲುಚೀಲ ಏರಿಸಲು ಮಗನಿಗೆ, ಪತ್ನಿಯ ಸ್ನಾನಕ್ಕೆ ನೀರು ಹೊಯ್ಯಲು ಪತಿಗೆ ಯಾವ ಶಾಸ್ತ್ರವೂ ಅಡ್ಡಿ ಬಂದಿಲ್ಲ.

ಇಲ್ಲಿ ತತ್ತ್ವಜ್ಞರೊಬ್ಬರು ಆಕ್ಷೇಪಿಸಬಹುದು. ವೈಯಾವೃತ್ತ್ಯಕ್ಕೆ ಪಾತ್ರರೆಂದು ಸೂತ್ರವು ಹೇಳುವ ಹತ್ತು ಬಗೆಯವರನ್ನು ಆಚಾರ್ಯ, ಉಪಾಧ್ಯಾಯ, ತಪಸ್ವಿ ಎಂದು ಎಣಿಸುತ್ತಾ ಹೋಗಿದೆ. ಅದು ಮುನಿಸಂಘವನ್ನು ಮುಖ್ಯವಾಗಿ ಉದ್ದೇಶಿಸಿದ್ದು. ಮನೆಯ ಮುದುಕಿಯ ಕಾಲೊತ್ತುವುದನ್ನು ಆಭ್ಯಂತರ ತಪಸ್ಸೆಂದು ಕರೆಯುವುದು ಅತಿಶಯೋಕ್ತಿಯಾಗದೇ ಎಂದು. ಆಕ್ಷೇಪವು ನಿರಾಧಾರವಲ್ಲ. ಸುಪಾತ್ರರ ಸೇವೆಗೂ ಬಂಧುಗಳ ಸೇವೆಗೂ ಪರಂಪರೆಯು ಭೇದವೆಣಿಸಿದೆ. ಆದರೂ ಆ ಹತ್ತರ ಪಟ್ಟಿಯಲ್ಲಿ ಗ್ಲಾನ, ಎಂದರೆ ರೋಗಪೀಡಿತ, ಎಂಬ ಹೆಸರು ಬಂದಿರುವುದು ಅವನ ವಿದ್ಯೆಗಾಗಿಯಲ್ಲ, ಪದವಿಗಾಗಿಯಲ್ಲ, ಅವನ ಅಸಹಾಯಕತೆಗಾಗಿ. ಅಲ್ಲದೆ ಜಿನಸೇನಾಚಾರ್ಯರ ಆದಿಪುರಾಣವು ಪಾತ್ರದತ್ತಿಯೊಡನೆ ದಯಾದತ್ತಿಯನ್ನೂ ಹೇಳಿದೆ. ದಯೆಯು ಪಾತ್ರದ ಯೋಗ್ಯತೆಯನ್ನು ಅಳೆಯುತ್ತಾ ಕೂರುವುದಿಲ್ಲ. ಮನೆಯ ರೋಗಿಯ ಸೇವೆಯನ್ನು ಯಾವ ಹೆಸರಿನಿಂದ ಕರೆದರೂ, ಅದು ಮನಸ್ಸನ್ನು ನಿಯಮಿಸುವ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಸೇವೆ ಪಡೆಯುವುದೂ ಹಾಗೆಯೇ. ಮಾಡುವವರಿಗೆ ಕೋಪವನ್ನೂ ಜುಗುಪ್ಸೆಯನ್ನೂ ಗೆಲ್ಲುವ ಕೆಲಸವಿದ್ದರೆ, ಪಡೆಯುವವರಿಗೆ ಮಾನಕಷಾಯವನ್ನು ಗೆಲ್ಲುವ ಕೆಲಸವಿದೆ. "ನನಗೆ ಯಾರೂ ಬೇಡ" ಎಂಬ ಮಾತಿನಲ್ಲಿ ವಿನಯದ ಧ್ವನಿ ಇದ್ದರೂ ಅದರ ಬೇರು ಬಹಳ ಸಲ ಮಾನದಲ್ಲಿಯೇ ಇರುತ್ತದೆ. ಅದೇ ಸೂತ್ರಗ್ರಂಥದ ಐದನೆಯ ಅಧ್ಯಾಯವು ಪರಸ್ಪರ ಉಪಕಾರವನ್ನು ಜೀವಗಳ ಕಾರ್ಯವೆಂದು ನಿರೂಪಿಸಿದೆ. ಪರಸ್ಪರವೆಂದ ಮೇಲೆ ಕೊಡುವ ಕೈಯಷ್ಟೇ ಸಾಲದು. ಜೀವಮಾನವೆಲ್ಲ ಕೊಟ್ಟವರು ಆರು ವಾರ ಪಡೆಯಲು ಒಪ್ಪದಿದ್ದರೆ, ಅವರು ಆ ನಿಯಮದ ಅರ್ಧವನ್ನು ಮಾತ್ರ ಒಪ್ಪಿದಂತಾಯಿತು.

ಪಡೆಯುವವರ ಧರ್ಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಬೇಕಾದುದನ್ನು ಸ್ಪಷ್ಟವಾಗಿ ಕೇಳುವುದು, ಬೇಡವಾದುದಕ್ಕೆ ಕರೆಯದಿರುವುದು. ನಾಲ್ಕು ಕೆಲಸಗಳನ್ನು ಒಂದೇ ಕರೆಗೆ ಸೇರಿಸುವುದು. ತಾನೇ ಮಾಡಬಹುದಾದುದು ದಿನದಿನಕ್ಕೆ ಯಾವುದೆಂದು ನೋಡಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾ ಹೋಗುವುದು. ವೈದ್ಯರು ಹೇಳಿದ ವ್ಯಾಯಾಮವನ್ನು ಮನೆಯವರಿಂದ ಹೇಳಿಸಿಕೊಳ್ಳದೆ ಮಾಡುವುದು. ಒಬ್ಬಂಟಿಯಾಗಿ ಎದ್ದು ಬೀಳುವ ಸಾಹಸವನ್ನು ಮಾಡದಿರುವುದು. ಒಂದು ಬೀಳುವಿಕೆಯು ಎಲ್ಲರ ಆರು ವಾರಗಳ ಶ್ರಮವನ್ನು ಅಳಿಸಬಲ್ಲುದು. ಭೇಟಿಗೆ ಬಂದವರ ಮುಂದೆ ಸೇವೆಯ ಕೊರತೆಗಳನ್ನು ಎಣಿಸದಿರುವುದು. ದಿನದ ಕೊನೆಗೆ ಪ್ರತಿಕ್ರಮಣದ ವೇಳೆಯಲ್ಲಿ, ಇಂದು ತನ್ನಿಂದ ಯಾರಿಗೆ ಅನಗತ್ಯ ಶ್ರಮವಾಯಿತೆಂದು ಒಮ್ಮೆ ನೆನೆಯುವುದು. ಪರಿಚಾರಿಕೆಯ ಹೆಸರೂ ಆ ನೆನಪಿನಲ್ಲಿ ಇರತಕ್ಕದ್ದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಮಂಡಿ ಬದಲಾಯಿಸಿಕೊಂಡವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ವೈದ್ಯರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಮಂಡಿಯೂರುವುದೂ ಅವರಿಗೆ ಕಷ್ಟ. ಇದರಿಂದಾಗಿ ದರ್ಶನವನ್ನೇ ಬಿಟ್ಟು ಮನೆಯಲ್ಲಿ ಕೊರಗುವವರಿದ್ದಾರೆ. ಜಿನಬಿಂಬದ ಎದುರು ಕುರ್ಚಿಯಲ್ಲಿ ಕೂರುವುದು ಅವಿನಯವೆಂಬ ಶಂಕೆಯೂ ಇದೆ. ವಿನಯವು ಪರಿಣಾಮಗಳಲ್ಲಿ ಇರುವುದರಿಂದ, ಅಶಕ್ತರು ಮಂಟಪದ ಬದಿಯಲ್ಲಿ ಕುರ್ಚಿಯ ಮೇಲೆ ಕುಳಿತು ಸಾಮಾಯಿಕ ಮಾಡಿದರೆ ವಿನಯಕ್ಕೆ ಕುಂದಿಲ್ಲ. ಕಾಯೋತ್ಸರ್ಗವನ್ನಂತೂ ನಿಂತೇ ಮಾಡಬಹುದು. ವಿಂಧ್ಯಗಿರಿಯ ಗೊಮ್ಮಟೇಶ್ವರನು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಿಂತೇ ಇದ್ದಾನೆ. 1432ರಲ್ಲಿ ಕಾರ್ಕಳದಲ್ಲಿಯೂ 1604ರಲ್ಲಿ ವೇಣೂರಿನಲ್ಲಿಯೂ ಪ್ರತಿಷ್ಠಿತವಾದ ಮೂರ್ತಿಗಳು ನಿಂತಿರುವುದೂ ಅದೇ ಭಂಗಿಯಲ್ಲಿ. ಮೆಟ್ಟಿಲುಗಳ ಎರಡೂ ಬದಿಗೆ ಹಿಡಿಕಂಬಿ, ಗೋಡೆಯ ಪಕ್ಕ ನಾಲ್ಕಾರು ಗಟ್ಟಿ ಕುರ್ಚಿಗಳು, ಭೋಜನಶಾಲೆಯಲ್ಲಿ ಎರಡು ಮೇಜುಗಳು, ಯಾತ್ರಿನಿವಾಸದ ಒಂದೆರಡು ಕೋಣೆಗಳಲ್ಲಿ ಎತ್ತರದ ಶೌಚಾಸನ, ಸ್ನಾನಗೃಹದಲ್ಲಿ ಜಾರದ ನೆಲ ಇವುಗಳ ವೆಚ್ಚವು ಒಂದು ವಾರ್ಷಿಕೋತ್ಸವದ ಚಪ್ಪರದ ವೆಚ್ಚಕ್ಕಿಂತ ಹೆಚ್ಚಾಗದು. ವಾಕರ್, ಎತ್ತರದ ಶೌಚಾಸನ, ಊರುಗೋಲುಗಳನ್ನು ಬಸದಿಯ ಭಂಡಾರದಲ್ಲಿ ಇಟ್ಟು, ಬೇಕಾದ ಮನೆಗಳಿಗೆ ಕೆಲವು ವಾರಗಳ ಮಟ್ಟಿಗೆ ಕೊಟ್ಟು ಹಿಂದಕ್ಕೆ ಪಡೆಯುವ ಏರ್ಪಾಡು ಮಾಡಿದರೆ ಅದು ಔಷಧದಾನದಲ್ಲಿಯೇ ಸೇರುತ್ತದೆ. ಜೈನ ಮಹಿಳಾ ಸಮಾಜಗಳೂ ಯುವಕ ಸಂಘಗಳೂ ಒಂದೊಂದು ಮನೆಗೆ ವಾರಕ್ಕೆ ಎರಡು ಗಂಟೆಗಳ ಸಮಯವನ್ನು ಕೊಟ್ಟರೆ, ಆ ಮನೆಯ ಸೊಸೆಯೂ ಒಮ್ಮೆ ಬಸದಿಗೆ ಬಂದು ಹೋಗಲು ಸಾಧ್ಯವಾಗುತ್ತದೆ. ಸೇವೆಯಲ್ಲಿ ತೊಡಗಿದವರಿಗೆ ದರ್ಶನವೇ ತಪ್ಪಿಹೋಗುತ್ತಿರುವುದನ್ನು ಸಮಾಜವು ಗಮನಿಸಿದಂತಿಲ್ಲ.

ಆರು ವಾರಗಳ ಹೊತ್ತಿಗೆ ಬಹುಮಂದಿ ವಾಕರನ್ನು ಬಿಟ್ಟು ಕೋಲು ಹಿಡಿದೋ ಹಿಡಿಯದೆಯೋ ಮನೆಯಲ್ಲಿ ನಡೆದಾಡುತ್ತಾರೆ. ಊತವೂ ಬಿಗಿತವೂ ಪೂರ್ತಿ ಇಳಿಯಲು ಕೆಲವು ತಿಂಗಳುಗಳು ಬೇಕು. ಕೆಲವರಿಗೆ ಒಂದು ವರ್ಷವೂ ಆಗುತ್ತದೆ. ಗುಣವಾದ ಮೇಲೆ ಆ ದಿನಗಳನ್ನು ಮರೆತುಬಿಡಬೇಕೆಂದು ಹೆಚ್ಚಿನವರು ಬಯಸುತ್ತಾರೆ. ಮರೆಯದಿರುವುದು ಒಳ್ಳೆಯದು. ಶರೀರವು ತನ್ನದಲ್ಲವೆಂದು ಶಾಸ್ತ್ರದಲ್ಲಿ ಓದಿದ್ದನ್ನು ಆ ವಾರಗಳು ಪ್ರತ್ಯಕ್ಷ ಮಾಡಿ ತೋರಿಸಿರುತ್ತವೆ. ತನ್ನ ನಡಿಗೆಯ ಹಿಂದೆ ಇತರರ ಎಷ್ಟು ಎಚ್ಚರಗಳಿವೆಯೆಂಬುದನ್ನೂ ತೋರಿಸಿರುತ್ತವೆ. ಇನ್ನೊಂದು ಮನೆಯಲ್ಲಿ ಇನ್ನೊಬ್ಬರು ಹಾಸಿಗೆಯಲ್ಲಿರುವಾಗ ಏನನ್ನು ಕೇಳಬೇಕು, ಎಷ್ಟು ಹೊತ್ತು ಕುಳಿತಿರಬೇಕು, ಯಾವಾಗ ಎದ್ದು ಅಡುಗೆಮನೆಯಲ್ಲಿರುವವರನ್ನು ಮಾತನಾಡಿಸಬೇಕು ಎಂಬುದು ಸೇವೆ ಪಡೆದವರಿಗೆ ಚೆನ್ನಾಗಿ ತಿಳಿದಿರುತ್ತದೆ. ಆ ತಿಳಿವನ್ನು ಸಮಾಜದ ಉಪಯೋಗಕ್ಕೆ ತರುವುದು ಗುಣಹೊಂದಿದ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯರ ಕರ್ತವ್ಯ.